ಬೋಟೋ 2ರಿಂದ ಬೋಟೋ3ಕ್ಕೆ: ಓಡುವ ಕ್ಲೌಡ್ ಎಪಿಐ ಹಿಂದೆ ಒಂದು ಲೈಬ್ರರಿ

2016ರ ಜೂನ್ 27, ಸೋಮವಾರ. ಎಡಬ್ಲ್ಯೂಎಸ್, ಅಂದರೆ ಅಮೆಜಾನ್‌ನ ಕ್ಲೌಡ್ ಸೇವೆ, ಅವತ್ತು ಮುಂಬೈ ರೀಜನ್ (ಒಂದು ಪ್ರದೇಶದ ಡೇಟಾ ಸೆಂಟರ್‌ಗಳ ಗುಂಪು) ತೆರೆಯಿತು. ಅಲ್ಲಿಯವರೆಗೆ ಬೆಂಗಳೂರಿನಲ್ಲಿ ಕೂತ ನಮ್ಮ ತಂಡದ ಸರ್ವರ್‌ಗಳೆಲ್ಲ ಸಿಂಗಪುರದಲ್ಲಿದ್ದವು. ಹತ್ತಿರಕ್ಕೆ ಬಂದಿದೆಯಲ್ಲ, ನೋಡೋಣ ಅಂತ ಆ ವಾರವೇ ಒಂದು ಸಣ್ಣ ಪ್ರಯೋಗ ಮಾಡಿದೆವು. ಸರ್ವರ್‌ಗಳ ಪಟ್ಟಿ ತೆಗೆಯುವ ಒಂದು ಹಳೆಯ ಪೈಥಾನ್ ಸ್ಕ್ರಿಪ್ಟ್ ಇತ್ತು. ಅದರಲ್ಲಿ ಸಿಂಗಪುರದ ರೀಜನ್ ಹೆಸರು ಅಳಿಸಿ ಮುಂಬೈನದ್ದು, 'ಎಪಿ-ಸೌತ್-1', ಬರೆದೆವು. ಬದಲಾಗಿದ್ದು ಇಷ್ಟೇ.

ಸ್ಕ್ರಿಪ್ಟ್ ಬಿದ್ದುಹೋಯಿತು. ಪರದೆ ಮೇಲೆ ಬಂದ ದೂರು ಹೀಗಿತ್ತು: 'ನನ್‌ಟೈಪ್'ಗೆ 'ಗೆಟ್_ಆಲ್_ಇನ್‌ಸ್ಟೆನ್ಸಸ್' ಅನ್ನುವ ಗುಣ ಇಲ್ಲ. ಮುಂಬೈ ಬಗ್ಗೆ ಒಂದು ಅಕ್ಷರ ಇಲ್ಲ, ರೀಜನ್ ಬಗ್ಗೆಯೂ ಇಲ್ಲ. ಸರ್ವರ್ ತನಕ ಒಂದು ರಿಕ್ವೆಸ್ಟ್ ಕೂಡ ಹೋಗಿರಲಿಲ್ಲ.

ಕಾರಣ ಸಿಕ್ಕಿದ್ದು ಲೈಬ್ರರಿಯ ಒಳಗೆ ಹೊಕ್ಕು ನೋಡಿದಾಗ. ಆಗ ನಾವು ಬಳಸುತ್ತಿದ್ದದ್ದು ಬೋಟೋ, ಪೈಥಾನ್‌ನಿಂದ ಎಡಬ್ಲ್ಯೂಎಸ್ ಜೊತೆ ಮಾತಾಡುವ ಲೈಬ್ರರಿ, ಅದರ 2ನೇ ಸರಣಿ. ಅದರಲ್ಲಿ 'ಕನೆಕ್ಟ್_ಟು_ರೀಜನ್' ಅಂತ ಒಂದು ಫಂಕ್ಷನ್ ಇದೆ. ಅದು ಪ್ಯಾಕೇಜ್ ಜೊತೆಗೇ ಬಂದ ರೀಜನ್ ಪಟ್ಟಿಯನ್ನು ಒಂದೊಂದಾಗಿ ನೋಡುತ್ತದೆ. ಹೆಸರು ಸಿಕ್ಕರೆ ಸಂಪರ್ಕ ಕೊಡುತ್ತದೆ. ಸಿಗದಿದ್ದರೆ ಎರರ್ ಕೊಡುವುದಿಲ್ಲ, ಸುಮ್ನೆ 'ನನ್', ಅಂದರೆ 'ಏನೂ ಇಲ್ಲ', ವಾಪಸ್ ಮಾಡುತ್ತದೆ. ಮುಂಬೈ ಲೋಕದಲ್ಲಿ ತೆರೆದಿತ್ತು, ನಮ್ಮ ಮಷೀನಿನಲ್ಲಿದ್ದ ಪಟ್ಟಿಯಲ್ಲಿ ಇರಲಿಲ್ಲ.

ಮುಂಬೈ ಸೇರಿಸಿದ ಹೊಸ ಬೋಟೋ ಹಾಕಿಕೊಂಡೆವು. ಇಸಿ2, ಅಂದರೆ ಸರ್ವರ್ ಬಾಡಿಗೆಗೆ ಕೊಡುವ ಸರ್ವಿಸ್, ಸರಿಹೋಯಿತು. ಫೈಲ್ ಇಡುವ ಸರ್ವಿಸ್ ಎಸ್3ಗೆ ಬಂದರೆ ಇನ್ನೊಂದು ಗೋಡೆ: 400 ಅನ್ನುವ ಎರರ್, ನೀವು ಕೊಟ್ಟ ದೃಢೀಕರಣ ವಿಧಾನ ಇಲ್ಲಿ ನಡೆಯುವುದಿಲ್ಲ, 'ಎಡಬ್ಲ್ಯೂಎಸ್4-ಎಚ್‌ಮ್ಯಾಕ್-ಶಾ256' ಬಳಸಿ. ಎಡಬ್ಲ್ಯೂಎಸ್‌ಗೆ ಹೋಗುವ ಪ್ರತಿ ರಿಕ್ವೆಸ್ಟ್‌ಗೂ ಗುಟ್ಟಿನ ಕೀ ಬಳಸಿ ಸಹಿ ಹಾಕಬೇಕು. 2014ರ ಜನವರಿ 30ರ ನಂತರ ತೆರೆದ ರೀಜನ್‌ಗಳು ನಾಲ್ಕನೇ ಆವೃತ್ತಿಯ ಸಹಿಯನ್ನು ಮಾತ್ರ ಒಪ್ಪುತ್ತವೆ. ಬೋಟೋ 2 ಎಸ್3ಗೆ ತಾನಾಗಿ ಹಾಕುತ್ತಿದ್ದದ್ದು ಎರಡನೇ ಆವೃತ್ತಿಯ ಸಹಿ. ಅದನ್ನು ಬದಲಿಸಲು 'ಎಸ್3_ಯೂಸ್_ಸಿಗ್‌ವಿ4' ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಇತ್ತು. ಹಾಕಿದೆವು. ಈಗ ಮೂರನೇ ದೂರು: ಈ ಸಹಿ ಬೇಕಾದರೆ ಹೋಸ್ಟ್ ಹೆಸರನ್ನು ನೀವೇ ಕೊಡಬೇಕು. ಇದಕ್ಕೂ ಕಾರಣ ಇದೆ. ಹೊಸ ಸಹಿಯ ಒಳಗೇ ರೀಜನ್ ಹೆಸರು ಸೇರಿರುತ್ತದೆ. ಹಾಗಾಗಿ ರಿಕ್ವೆಸ್ಟ್ ಹೊರಡುವ ಮೊದಲೇ ಬಕೆಟ್ (ಎಸ್3ರಲ್ಲಿ ಫೈಲ್‌ಗಳನ್ನು ಇಡುವ ಜಾಗ) ಯಾವ ರೀಜನ್‌ನಲ್ಲಿದೆ ಅಂತ ಲೈಬ್ರರಿಗೆ ಗೊತ್ತಿರಬೇಕು. ಬೋಟೋ 2 ಹುಟ್ಟಿದ ಕಾಲದಲ್ಲಿ ಅದರ ಅಗತ್ಯವೇ ಇರಲಿಲ್ಲ.

ಒಂದು ಪದ ಬದಲಿಸಲು ಹೋಗಿ ಎರಡು ದಿನ ಕಳೆದೆವು. ಆ ಎರಡು ದಿನಗಳಿಂದ ಶುರುವಾದ ಓದು ಈ ಬರಹದ ಮೂಲ. ಕ್ಲೌಡ್ ಎಪಿಐ, ಅಂದರೆ ಪ್ರೋಗ್ರಾಂಗಳು ಕ್ಲೌಡ್‌ಗೆ ಕೆಲಸ ಹೇಳುವ ದಾರಿ, ದಿನಾ ಬದಲಾಗುತ್ತದೆ. ಅದರ ಜೊತೆ ಹೆಜ್ಜೆ ಹಾಕಬೇಕಾದ ಲೈಬ್ರರಿಯಲ್ಲಿ ಯಾವುದನ್ನು ಮನುಷ್ಯರು ಕೈಯಿಂದ ಬರೆಯಬೇಕು, ಯಾವುದನ್ನು ಬರೆಯಲೇಬಾರದು? ನಾನು ನೋಡಿದ ಮಟ್ಟಿಗೆ, ಬೋಟೋ 2 ಮತ್ತು ಬೋಟೋ3ರ ನಡುವಿನ ವ್ಯತ್ಯಾಸವೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಎಲ್ಲವೂ ಕೈಬರಹ

ಬೋಟೋ ಶುರುವಾಗಿದ್ದು 2006ರಲ್ಲಿ. ಬರೆದವರು ಮಿಚ್ ಗಾರ್ನಾಟ್. ಎಸ್3 ಬಂದಿದ್ದು ಅದೇ ವರ್ಷದ ಮಾರ್ಚ್ 14ಕ್ಕೆ, ಇಸಿ2 ಬೀಟಾ ಆಗಸ್ಟ್‌ನಲ್ಲಿ. ಅಂದರೆ ಕ್ಲೌಡ್ ಮತ್ತು ಈ ಲೈಬ್ರರಿ ಹೆಚ್ಚುಕಮ್ಮಿ ಒಂದೇ ವಯಸ್ಸಿನವು. ಹೆಸರು ಅಮೆಜಾನ್ ನದಿಯ ಡಾಲ್ಫಿನ್‌ನದ್ದು. ಪೋರ್ಚುಗೀಸ್‌ನಲ್ಲಿ ಅದನ್ನು ಬೋಟೋ ಅನ್ನುತ್ತಾರೆ. ಗಾರ್ನಾಟ್ ಆಗ ಅಮೆಜಾನ್ ಉದ್ಯೋಗಿ ಆಗಿರಲಿಲ್ಲ, ಅಲ್ಲಿಗೆ ಸೇರಿದ್ದು ಎಷ್ಟೋ ವರ್ಷಗಳ ನಂತರ. ಹೊರಗಿನವರೊಬ್ಬರು ಬರೆದ ಲೈಬ್ರರಿಯ ಮೇಲೆ ಖಾಸಗಿ ಕ್ಲೌಡ್ ಕಟ್ಟುವ ಯೂಕಲಿಪ್ಟಸ್‌ನ ಟೂಲ್‌ಗಳು ನಿಂತವು. ಗೂಗಲ್‌ನ ಸ್ಟೋರೇಜ್ ಟೂಲ್ ಜಿಎಸ್‌ಯುಟಿಲ್ ಕೂಡ ಅದನ್ನೇ ಬಳಸಿತು. ಇದು ಸಣ್ಣ ಸಾಧನೆ ಅಲ್ಲ. ಮುಂದೆ ಬೋಟೋ 2ರ ಕೊರತೆಗಳ ಬಗ್ಗೆ ಬರೆಯುವಾಗಲೂ ಆ ಗೌರವ ಕಡಿಮೆಯಾಗುವುದಿಲ್ಲ.

ಈಗ ಒಂದು ಫೈಲ್ ಹತ್ತಿರದಿಂದ ನೋಡೋಣ. ಬೋಟೋ 2ರಲ್ಲಿ ಒಂದು ಇಸಿ2 ಸರ್ವರ್ ಅಂದರೆ 'ಇನ್‌ಸ್ಟೆನ್ಸ್' ಅನ್ನುವ ಕ್ಲಾಸ್. ಎಡಬ್ಲ್ಯೂಎಸ್ ಉತ್ತರವನ್ನು ಎಕ್ಸ್‌ಎಂಎಲ್‌ನಲ್ಲಿ ಕಳಿಸುತ್ತದೆ. ಪಾರ್ಸರ್ ಒಂದು ಟ್ಯಾಗ್ ಮುಗಿಸಿದಾಗಲೆಲ್ಲ ಆ ಕ್ಲಾಸಿನ 'ಎಂಡ್‌ಎಲಿಮೆಂಟ್' ಮೆಥಡ್ ಓಡುತ್ತದೆ. ಅದರ ಒಳಗೆ ಇರುವುದು ಇಫ್, ಎಲ್ಸ್-ಇಫ್‌ಗಳ ಉದ್ದ ಏಣಿ. ಟ್ಯಾಗ್ 'ಇನ್‌ಸ್ಟೆನ್ಸ್‌ಐಡಿ' ಆದರೆ ಅದನ್ನು 'ಐಡಿ'ಗೆ ಹಾಕು. 'ಕೀನೇಮ್' ಆದರೆ 'ಕೀ_ನೇಮ್'ಗೆ ಹಾಕು. 'ಎಎಂಐಲಾಂಚ್‌ಇಂಡೆಕ್ಸ್' ಆದರೆ ನಡುವೆ ಅಡಿಗೆರೆ ಹಾಕಿದ ಪೈಥಾನ್ ಹೆಸರಿಗೆ ಹಾಕು. ಹೀಗೇ ಮೆಟ್ಟಿಲ ಮೇಲೆ ಮೆಟ್ಟಿಲು. ಒಂದೊಂದನ್ನೂ ಯಾರೋ ಕೂತು ಟೈಪ್ ಮಾಡಿದ್ದಾರೆ.

ಏಣಿಯ ಕೊನೆಯಲ್ಲಿ ಒಂದು 'ಎಲ್ಸ್' ಇದೆ. ಗುರುತಿಲ್ಲದ ಟ್ಯಾಗ್ ಬಂದರೆ ಅದೇ ಹೆಸರಲ್ಲಿ, ಬಂದ ಅಕ್ಷರಗಳನ್ನು ಹಾಗ್ಹಾಗೇ ಇಟ್ಟುಬಿಡು ಅನ್ನುತ್ತದೆ ಅದು. ಮೊದಲ ನೋಟಕ್ಕೆ ಇದು ಒಳ್ಳೆಯ ಮನಸ್ಸಿನ ಕೋಡ್. ಎಡಬ್ಲ್ಯೂಎಸ್ ನಾಳೆ ಹೊಸ ಟ್ಯಾಗ್ ಕಳಿಸಿದರೂ ಬೀಳುವುದಿಲ್ಲ. ಆದರೆ 'ಇಬಿಎಸ್‌ಆಪ್ಟಿಮೈಸ್ಡ್' ಅನ್ನುವ ಟ್ಯಾಗ್ ತೆಗೆದುಕೊಳ್ಳಿ. ಅದರ ಬೆಲೆ 'ಟ್ರೂ' ಅಥವಾ 'ಫಾಲ್ಸ್'. ಏಣಿಯಲ್ಲಿ ಅದಕ್ಕೊಂದು ಮೆಟ್ಟಿಲಿದ್ದರೆ ಪೈಥಾನ್‌ನ ನಿಜವಾದ ಬೂಲಿಯನ್ ಆಗುತ್ತದೆ. ಮೆಟ್ಟಿಲು ಇಲ್ಲದಿದ್ದರೆ 'ಫಾಲ್ಸ್' ಅನ್ನುವ ಸ್ಟ್ರಿಂಗ್ ಆಗಿ ಉಳಿಯುತ್ತದೆ. ಖಾಲಿ ಅಲ್ಲದ ಸ್ಟ್ರಿಂಗ್ ಯಾವುದೇ ಇರಲಿ, ಪೈಥಾನ್‌ನ 'ಇಫ್' ಅದಕ್ಕೆ ಹೌದು ಅನ್ನುತ್ತದೆ. ಅಂದರೆ 'ಇಲ್ಲ' ಅನ್ನುವ ಉತ್ತರ 'ಹೌದು' ಆಗಿ ಓದಿಸಿಕೊಳ್ಳುತ್ತದೆ, ಯಾರಿಗೂ ಗೊತ್ತಾಗದ ಹಾಗೆ. ಮೆಟ್ಟಿಲು ಕಟ್ಟುವ ತನಕ ಈ ಅಪಾಯ ಇದ್ದೇ ಇರುತ್ತದೆ.

ಇದು ಬರೀ ಬರುವ ದಾರಿ. ಹೋಗುವ ದಾರಿಯೂ ಹಾಗೇ. ಇಸಿ2ಗೆ ಒಂದು ಫಿಲ್ಟರ್ ಕಳಿಸಬೇಕಾದರೆ 'ಫಿಲ್ಟರ್.1.ನೇಮ್', 'ಫಿಲ್ಟರ್.1.ವ್ಯಾಲ್ಯೂ.1' ಅಂತ ಸಂಖ್ಯೆ ಪೋಣಿಸಬೇಕು. ಅದಕ್ಕೂ ಕೈಯಿಂದ ಬರೆದ ಸಹಾಯಕ ಫಂಕ್ಷನ್‌ಗಳು. ಎಡಬ್ಲ್ಯೂಎಸ್‌ನಲ್ಲಿ ಎರಡು ಮೂರು ಸರ್ವಿಸ್ ಇದ್ದಾಗ ಒಬ್ಬ ಮನುಷ್ಯ ಇಷ್ಟನ್ನೂ ಮಾಡಬಹುದು. ಹತ್ತಾದಾಗ ಒಂದು ತಂಡ ಮಾಡಬಹುದು. ಅದು ಡಜನ್‌ಗಟ್ಟಲೆ ಆಗಿ, ಪ್ರತಿಯೊಂದಕ್ಕೂ ವಾರ ವಾರ ಹೊಸ ಪ್ಯಾರಾಮೀಟರ್ ಬರತೊಡಗಿದರೆ? ಎಷ್ಟೇ ಜನ ಕೊಡುಗೆ ಕೊಟ್ಟರೂ ಏಣಿ ಕಟ್ಟುವುದು ಮುಗಿಯುವುದಿಲ್ಲ.

ಹೆಸರಿಟ್ಟರೆ ಮಾತು ಕೊಟ್ಟ ಹಾಗೆ

ಹಿಂದೆ ಬೀಳುವುದು ಒಂದು ತೊಂದರೆ. ಅದಕ್ಕಿಂತ ಕಷ್ಟದ್ದು, ಒಮ್ಮೆ ಮಾಡಿದ್ದನ್ನು ತಿದ್ದಲು ಆಗದೇ ಇರುವುದು.

ನಮ್ಮ ಸ್ಕ್ರಿಪ್ಟ್ ಕರೆಯುತ್ತಿದ್ದ 'ಗೆಟ್_ಆಲ್_ಇನ್‌ಸ್ಟೆನ್ಸಸ್' ನೆನಪಿದೆಯಲ್ಲ? ಹೆಸರು ನೋಡಿದರೆ ಸರ್ವರ್‌ಗಳ ಪಟ್ಟಿ ಕೊಡಬೇಕು. ಅದು ಕೊಡುತ್ತಿದ್ದದ್ದು 'ರಿಸರ್ವೇಶನ್'ಗಳ ಪಟ್ಟಿ. ಇಸಿ2ದಲ್ಲಿ ಒಂದೇ ಸಲ ಶುರು ಮಾಡಿದ ಸರ್ವರ್‌ಗಳ ಗುಂಪಿಗೆ ರಿಸರ್ವೇಶನ್ ಅನ್ನುತ್ತಾರೆ. ಸರ್ವರ್‌ಗಳು ಆ ಗುಂಪಿನ ಒಳಗೆ ಇರುತ್ತವೆ. ಹೊಸದಾಗಿ ಬಂದವರೆಲ್ಲ ಇಲ್ಲಿ ಒಮ್ಮೆ ಎಡವುತ್ತಿದ್ದರು. ತಪ್ಪು ಎಲ್ಲರಿಗೂ ಗೊತ್ತಿತ್ತು. ಆದರೆ ತಿದ್ದಿದರೆ ಅದನ್ನು ನಂಬಿ ಬರೆದ ಎಲ್ಲರ ಕೋಡ್ ಬೀಳುತ್ತದೆ. ಹಾಗಾಗಿ ಹಳೆಯದನ್ನು ಹಾಗೇ ಬಿಟ್ಟು 'ಗೆಟ್_ಆಲ್_ರಿಸರ್ವೇಶನ್ಸ್', 'ಗೆಟ್_ಓನ್ಲಿ_ಇನ್‌ಸ್ಟೆನ್ಸಸ್' ಅಂತ ಇನ್ನೆರಡು ಸೇರಿಸಿದರು. ಒಂದೇ ಕೆಲಸಕ್ಕೆ ಮೂರು ಬಾಗಿಲು, ಒಂದರ ಫಲಕ ತಪ್ಪು.

ಎಡಬ್ಲ್ಯೂಎಸ್‌ನ ಡೇಟಾಬೇಸ್ ಸರ್ವಿಸ್ ಡೈನಮೋಡಿಬಿಯ ವಿಷಯ ಇನ್ನೂ ಸ್ಪಷ್ಟ. ಅದರ ಎಪಿಐಗೆ ಮೊದಲು 2011-12-05 ಅನ್ನುವ ಆವೃತ್ತಿ ಇತ್ತು, ಆಮೇಲೆ 2012-08-10 ಬಂತು. ರಿಕ್ವೆಸ್ಟ್‌ನ ಆಕಾರವೇ ಬದಲಾಯಿತು. ಹಳೆಯ ಮಾಡ್ಯೂಲ್ ಮೇಲೆ ಹೊಸದನ್ನು ಹೊಲಿಯಲು ಆಗಲಿಲ್ಲ. ಬೋಟೋ 2ರಲ್ಲಿ 'ಡೈನಮೋಡಿಬಿ' ಪಕ್ಕದಲ್ಲೇ 'ಡೈನಮೋಡಿಬಿ2' ಅಂತ ಪೂರ್ತಿ ಹೊಸ ಮಾಡ್ಯೂಲ್ ಹುಟ್ಟಿತು. 'ಕ್ಲೌಡ್‌ಸರ್ಚ್' ಜೊತೆ 'ಕ್ಲೌಡ್‌ಸರ್ಚ್2' ಬಂದದ್ದೂ ಹೀಗೇ. ಇದರಲ್ಲಿ ಬರೆದವರ ತಪ್ಪು ಹುಡುಕುವುದು ನ್ಯಾಯ ಅಲ್ಲ. ಎಪಿಐನ ವಿವರ ಮತ್ತು ಬಳಸುವವರ ಅನುಕೂಲ, ಎರಡನ್ನೂ ಒಂದೇ ಕೋಡಿನಲ್ಲಿ ಹೆಣೆದರೆ ಒಂದು ಬದಲಾದಾಗ ಇನ್ನೊಂದನ್ನೂ ಕಿತ್ತು ಕಟ್ಟಬೇಕಾಗುತ್ತದೆ.

ವಿವರಕ್ಕೆ ಬೇರೆ ಜಾಗ

2013ರ ಸೆಪ್ಟೆಂಬರ್‌ನಲ್ಲಿ ಎಡಬ್ಲ್ಯೂಎಸ್‌ನ ಈಗಿನ ಕಮ್ಯಾಂಡ್ ಲೈನ್ ಟೂಲ್‌ನ 1.0 ಬಂತು. ಎಲ್ಲ ಸರ್ವಿಸ್‌ಗಳೂ ಒಂದೇ ಕಮ್ಯಾಂಡ್‌ನಲ್ಲಿ ಸಿಗಬೇಕು ಅನ್ನುವುದು ಅದರ ಗುರಿ. ಕೈಯಿಂದ ಬರೆದು ಮುಗಿಸುವ ಕೆಲಸ ಅದಲ್ಲ. ಅದರ ಕೆಳಗೆ ಒಂದು ತಳಪಾಯ ಇತ್ತು, ಹೆಸರು ಬೋಟೋಕೋರ್. ಅದೇ ತಳಪಾಯದ ಮೇಲೆ 2015ರ ಜೂನ್ 22ಕ್ಕೆ ಬೋಟೋ3 ಸಾರ್ವಜನಿಕ ಬಳಕೆಗೆ ಸಿದ್ಧವಾಗಿ ಬಂತು.

ಬೋಟೋಕೋರ್ ಇನ್‌ಸ್ಟಾಲ್ ಮಾಡಿ ಅದರ ಫೋಲ್ಡರ್ ತೆರೆಯಿರಿ. 'ಡೇಟಾ' ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ಸರ್ವಿಸ್‌ಗೆ ಒಂದು ಫೋಲ್ಡರ್, ಅದರೊಳಗೆ ತಾರೀಖಿನ ಹೆಸರಿನ ಇನ್ನೊಂದು. ಎಸ್3ರದ್ದು 2006-03-01. ಇಷ್ಟು ವರ್ಷಗಳಲ್ಲಿ ಎಸ್3ಗೆ ಏನೇನೋ ಸೇರಿದರೂ ಎಪಿಐ ಆವೃತ್ತಿಯ ತಾರೀಖು ಅದು ಹುಟ್ಟಿದ ತಿಂಗಳದ್ದೇ. ಸೇರಿಸುತ್ತಾ ಹೋಗಿದ್ದಾರೆ, ಇದ್ದದ್ದನ್ನು ಮುರಿದಿಲ್ಲ. ಆ ತಾರೀಖು ನೋಡಿದಾಗಲೆಲ್ಲ ನನಗೆ ನಿಜಕ್ಕೂ ಗೌರವ ಬರುತ್ತದೆ. ಆ ಫೋಲ್ಡರ್ ಒಳಗಿನ ಜೇಸನ್ (ಡೇಟಾ ಬರೆದಿಡುವ ಒಂದು ಸರಳ ರೂಪ) ಫೈಲಿನಲ್ಲಿ ಎಲ್ಲ ವಿವರ ಇದೆ. ಯಾವ ಕೆಲಸಗಳಿವೆ, ಒಂದೊಂದೂ ಯಾವ ದಾರಿಯಲ್ಲಿ ಹೋಗುತ್ತದೆ, ಯಾವ ಪ್ಯಾರಾಮೀಟರ್ ಸ್ಟ್ರಿಂಗ್, ಯಾವುದು ಬೂಲಿಯನ್, ಯಾವುದು ಕಡ್ಡಾಯ, ಏನೇನು ಎರರ್ ಬರಬಹುದು, ಕೊನೆಗೆ ಡಾಕ್ಯುಮೆಂಟೇಶನ್ ಕೂಡ.

ನೀವು 'ಇಸಿ2 ಕ್ಲೈಂಟ್ ಕೊಡು' ಅಂದಾಗ ಬೋಟೋಕೋರ್ ಆ ಫೈಲ್ ಓದುತ್ತದೆ, ಆ ಕ್ಷಣವೇ ಒಂದು ಪೈಥಾನ್ ಕ್ಲಾಸ್ ಕಟ್ಟುತ್ತದೆ. 'ಡಿಸ್ಕ್ರೈಬ್_ಇನ್‌ಸ್ಟೆನ್ಸಸ್' ಮೆಥಡ್‌ನ ಡೆಫಿನಿಶನ್ ಸೋರ್ಸ್ ಕೋಡಿನಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಅದನ್ನು ಯಾರೂ ಬರೆದೇ ಇಲ್ಲ. ಎಡಬ್ಲ್ಯೂಎಸ್‌ನ ಒಂದು ತಂಡ ಹೊಸ ಪ್ಯಾರಾಮೀಟರ್ ಸೇರಿಸಿದರೆ ಜೇಸನ್‌ನಲ್ಲಿ ಒಂದೆರಡು ಸಾಲು ಹೆಚ್ಚಾಗುತ್ತದೆ, ಲೈಬ್ರರಿಯ ಪೈಥಾನ್ ಮುಟ್ಟುವುದೇ ಬೇಡ. ಹೀಗಿರುವುದರಿಂದಲೇ ಬೋಟೋ3 ವಾರದ ಕೆಲಸದ ದಿನಗಳಲ್ಲಿ ಹೆಚ್ಚುಕಮ್ಮಿ ದಿನಕ್ಕೊಂದು ಆವೃತ್ತಿ ಬಿಡುತ್ತದೆ. ಕೈಬರಹದ ಲೈಬ್ರರಿಯಿಂದ ಇದು ಆಗುವ ಮಾತಲ್ಲ.

ಇದಕ್ಕೆ ತೆರುವ ಬೆಲೆಯೂ ಇದೆ. ಬರೆಯದ ಮೆಥಡ್ ಎಡಿಟರ್‌ಗೆ ಕಾಣುವುದಿಲ್ಲ. ಡಾಟ್ ಒತ್ತಿದರೆ ಸಲಹೆ ಬರುವುದಿಲ್ಲ. ಅದಕ್ಕಾಗಿ ಟೈಪ್ ವಿವರಗಳ ಬೇರೆ ಪ್ಯಾಕೇಜ್‌ಗಳನ್ನು ಹಾಕಿಕೊಳ್ಳಬೇಕಾಯಿತು. ಎಲ್ಲ ಸರ್ವಿಸ್‌ಗಳ ವಿವರ ಹೊತ್ತ ಬೋಟೋಕೋರ್ ಪ್ಯಾಕೇಜ್ ಕುಗ್ಗಿಸಿದ ಮೇಲೂ 10 ಎಂಬಿಗಿಂತ ಜಾಸ್ತಿ. ಎಸ್3 ಒಂದೇ ಬೇಕು ಅನ್ನುವವರೂ ಅಷ್ಟನ್ನೂ ಹೊರಬೇಕು.

ಹಾಗಾದರೆ ಕೈಕೆಲಸ ಪೂರ್ತಿ ನಿಂತಿತಾ? ಇಲ್ಲ. ಎಪಿಐನಲ್ಲಿ ಹೆಸರಿನ ಪದಗಳು ದೊಡ್ಡಕ್ಷರದಿಂದ ಶುರುವಾಗಿ ಒತ್ತೊತ್ತಾಗಿರುತ್ತವೆ, ಪೈಥಾನ್‌ನಲ್ಲಿ ಸಣ್ಣಕ್ಷರ ಮತ್ತು ಅಡಿಗೆರೆ. ಬದಲಿಸಲು ಒಂದು ನಿಯಮ ಸಾಕು. ಆದರೆ ಸ್ಟೋರೇಜ್ ಗೇಟ್‌ವೇ ಸರ್ವಿಸ್‌ನಲ್ಲಿ 'ಕ್ರಿಯೇಟ್‌ಕ್ಯಾಶ್ಡ್‌ಐಎಸ್‌ಸಿಎಸ್‌ಐವಾಲ್ಯೂಮ್' ಅಂತ ಒಂದು ಕೆಲಸ ಇದೆ. ಅದರ ನಡುವಿನ 'ಐ' ಸಣ್ಣಕ್ಷರ, ಅದರ ಮುಂದಿನ ನಾಲ್ಕು ದೊಡ್ಡಕ್ಷರ. ನಿಯಮ ಅಲ್ಲಿ 'ಐ' ಅನ್ನು ಹಿಂದಿನ ಪದಕ್ಕೆ ಅಂಟಿಸಿಬಿಡುತ್ತದೆ. ಹಾಗಾಗಿ ಬೋಟೋಕೋರ್ ಕೋಡಿನಲ್ಲಿ ಆ ಹೆಸರಿಗೆ ಸರಿಯಾದ ಪೈಥಾನ್ ರೂಪವನ್ನು ಯಾರೋ ಕೈಯಿಂದ ಬರೆದಿಟ್ಟಿದ್ದಾರೆ. 'ಹ್ಯಾಂಡ್ಲರ್ಸ್' ಅನ್ನುವ ಒಂದು ಫೈಲ್ ಇಂಥ ವಿಶೇಷ ಪ್ರಕರಣಗಳ ಮನೆ. ಇಸಿ2 ಸರ್ವರ್ ಶುರು ಮಾಡುವಾಗ ಕೊಡುವ ಯೂಸರ್ ಡೇಟಾವನ್ನು ಬೇಸ್64ಗೆ ತಿರುಗಿಸುವುದು ಅಲ್ಲಿ ನಡೆಯುತ್ತದೆ. ಎಸ್3 ಬಕೆಟ್ ಯಾವ ಜಾಗದ್ದು ಅಂತ ಕೇಳಿದಾಗ ಬರುವ ಉತ್ತರ ಮಾಮೂಲಿ ಆಕಾರದ್ದಲ್ಲ. ಅದನ್ನು ಬೇರೆಯಾಗಿ ಓದುವ ಕೋಡ್ ಕೂಡ ಅಲ್ಲೇ ಇದೆ. ಮಾಡೆಲ್, ಅಂದರೆ ಆ ಜೇಸನ್ ವಿವರ, ಹೇಳಲಾಗದ್ದನ್ನು ಮಾತ್ರ ಮನುಷ್ಯ ಹೇಳುತ್ತಾನೆ. ನನ್ನ ಲೆಕ್ಕದಲ್ಲಿ ಇದೇ ಸರಿಯಾದ ಹಂಚಿಕೆ.

ನಮ್ಮನ್ನು ಬೀಳಿಸಿದ ರೀಜನ್ ಪಟ್ಟಿಗೂ ಇಲ್ಲಿ ಬೇರೆ ಉಪಾಯ. ಪಟ್ಟಿ ಇದೆ, ಅದರ ಜೊತೆ ಒಂದು ನಮೂನೆಯೂ ಇದೆ. 'ಎಪಿ' ಅಥವಾ 'ಇಯು' ಥರದ ಪೂರ್ವಪದ, ಒಂದು ದಿಕ್ಕು, ಒಂದು ಸಂಖ್ಯೆ ಇದ್ದರೆ ಇದು ರೀಜನ್ ಹೆಸರೇ ಇರಬೇಕು ಅಂತ ನಂಬಿ ವಿಳಾಸವನ್ನು ತಾನೇ ಕಟ್ಟುತ್ತದೆ. ಹೈದರಾಬಾದ್ ರೀಜನ್, 'ಎಪಿ-ಸೌತ್-2', ತೆರೆದದ್ದು 2022ರ ನವೆಂಬರ್‌ನಲ್ಲಿ. ನಮ್ಮ ಒಂದು ಮಷೀನಿನಲ್ಲಿ ಅದಕ್ಕಿಂತ ಹಳೆಯ ಬೋಟೋಕೋರ್ ಇತ್ತು. ಖಾತೆಯಲ್ಲಿ ಆ ರೀಜನ್ ಎನೇಬಲ್ ಮಾಡಿ ಹೆಸರು ಬದಲಿಸಿದೆವು. ಏನನ್ನೂ ಅಪ್‌ಗ್ರೇಡ್ ಮಾಡದೆ ಇಸಿ2 ಪಟ್ಟಿ ಬಂತು.

ನಮ್ಮ 1000 ಫೈಲುಗಳು

ಬೋಟೋ ಮತ್ತು ಬೋಟೋ3 ಬೇರೆ ಬೇರೆ ಹೆಸರಿನ ಪ್ಯಾಕೇಜ್‌ಗಳು. ಒಂದೇ ಪ್ರಾಜೆಕ್ಟ್‌ನಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ಬೇಕಂತಲೇ ಹೀಗೆ ಮಾಡಿದ್ದಾರೆ, ಇದರಿಂದ ನಮಗೆ ಆದ ಉಪಕಾರ ದೊಡ್ಡದು. ಒಂದೇ ರಾತ್ರಿಯಲ್ಲಿ ಎಲ್ಲ ಬದಲಿಸುವ ಒತ್ತಡ ಇರಲಿಲ್ಲ. ಮೊದಲು ಇಸಿ2 ಸ್ಕ್ರಿಪ್ಟ್‌ಗಳು, ಆಮೇಲೆ ಎಸ್‌ಕ್ಯೂಎಸ್ (ಸಂದೇಶಗಳನ್ನು ಸಾಲಾಗಿ, ಅಂದರೆ ಕ್ಯೂನಲ್ಲಿ, ಇಡುವ ಸರ್ವಿಸ್), ಕೊನೆಗೆ ಎಸ್3.

ಇಸಿ2 ಸುಲಭವಾಗಿತ್ತು. 'ಡಿಸ್ಕ್ರೈಬ್_ಇನ್‌ಸ್ಟೆನ್ಸಸ್' ಕೊಡುವ ಡಿಕ್ಷನರಿಯಲ್ಲಿ 'ರಿಸರ್ವೇಶನ್ಸ್' ಅಂತ ಕೀ ಇರುತ್ತದೆ, ಅದರೊಳಗೆ 'ಇನ್‌ಸ್ಟೆನ್ಸಸ್'. ಎರಡು ಲೂಪ್ ಬರೆಯಬೇಕು, ಬೇಸರದ ಕೆಲಸ. ಆದರೆ ಎಡಬ್ಲ್ಯೂಎಸ್ ಏನು ಕಳಿಸುತ್ತದೋ ಅದೇ ಹೆಸರು, ಫಲಕ ತಪ್ಪಿಲ್ಲ.

ಎಡವಿದ್ದು ಎಸ್3ರಲ್ಲಿ. ಹಳೆಯ ಬ್ಯಾಕಪ್ ಅಳಿಸುವ ಒಂದು ರಾತ್ರಿ ಕೆಲಸ ಇತ್ತು. ಬೋಟೋ 2ರಲ್ಲಿ ಬಕೆಟ್‌ನ 'ಲಿಸ್ಟ್' ಮೇಲೆ ಲೂಪ್ ಹಾಕಿದರೆ ಅದು ಪುಟ ಪುಟವಾಗಿ ತಾನೇ ತರಿಸಿಕೊಳ್ಳುತ್ತಿತ್ತು. ಬೋಟೋ3 ಕ್ಲೈಂಟ್‌ನ 'ಲಿಸ್ಟ್_ಆಬ್ಜೆಕ್ಟ್ಸ್_ವಿ2' ಎಪಿಐ ಕೊಟ್ಟಷ್ಟೇ ಕೊಡುತ್ತದೆ, ಒಂದು ಕರೆಗೆ ಹೆಚ್ಚೆಂದರೆ 1000. ನಾನು ಹೆಸರು ಬದಲಿಸಿದೆ, ಪುಟಗಳ ಬಗ್ಗೆ ಯೋಚಿಸಲಿಲ್ಲ. ಕೆಲಸ ಎರರ್ ಇಲ್ಲದೆ ಓಡುತ್ತಿತ್ತು. ದಿನಾ ರಾತ್ರಿ ಮೊದಲ 1000 ಹೆಸರು ನೋಡಿ, ಅವೆಲ್ಲ ಉಳಿಸಬೇಕಾದವು ಅಂತ ಕಂಡು, ಏನೂ ಅಳಿಸದೆ ಮುಗಿಯುತ್ತಿತ್ತು. ಆ ತಿಂಗಳ ಬಿಲ್‌ನಲ್ಲಿ ಸ್ಟೋರೇಜ್ ಏರಿದ್ದನ್ನು ನೋಡಿ ಒಬ್ಬ ಗೆಳೆಯ ಕೇಳಿದಾಗಲೇ ಗೊತ್ತಾಗಿದ್ದು.

ಪರಿಹಾರ ಲೈಬ್ರರಿಯಲ್ಲೇ ಇತ್ತು. ಸರ್ವಿಸ್ ವಿವರದ ಫೈಲ್ ಪಕ್ಕದಲ್ಲಿ 'ಪೇಜಿನೇಟರ್ಸ್' ಅಂತ ಇನ್ನೊಂದು ಜೇಸನ್ ಇರುತ್ತದೆ. ಮುಂದಿನ ಪುಟದ ಟೋಕನ್ ಉತ್ತರದಲ್ಲಿ ಯಾವ ಹೆಸರಲ್ಲಿ ಬರುತ್ತದೆ, ಅದನ್ನು ಯಾವ ಹೆಸರಲ್ಲಿ ವಾಪಸ್ ಕಳಿಸಬೇಕು, ಪಟ್ಟಿ ಯಾವ ಕೀಯಲ್ಲಿದೆ, ಇಷ್ಟೇ ಅದರಲ್ಲಿ. 'ಗೆಟ್_ಪೇಜಿನೇಟರ್' ಕರೆದರೆ ಉಳಿದದ್ದು ತಾನಾಗಿ ನಡೆಯುತ್ತದೆ. ಅವತ್ತಿನಿಂದ ನಮ್ಮ ಕೋಡ್ ರಿವ್ಯೂನಲ್ಲಿ 'ಲಿಸ್ಟ್' ಅಥವಾ 'ಡಿಸ್ಕ್ರೈಬ್' ಇಂದ ಶುರುವಾಗುವ ಯಾವ ಕರೆ ಬಂದರೂ ಪೇಜಿನೇಟರ್ ಎಲ್ಲಿ ಅಂತ ಕೇಳುತ್ತೇವೆ. ಕೈಬರಹದ ಲೈಬ್ರರಿ ಕೊಡುತ್ತಿದ್ದ ಅನುಕೂಲ ಎಂಥದ್ದು ಅಂತ ಅದು ಕೈಬಿಟ್ಟಾಗಲೇ ತಿಳಿಯುತ್ತದೆ.

ಆ ಅನುಕೂಲ ಬೋಟೋ3ರಲ್ಲೂ ಒಂದು ರೂಪದಲ್ಲಿದೆ. ಅದಕ್ಕೆ 'ರಿಸೋರ್ಸ್' ಅನ್ನುತ್ತಾರೆ. ಬಕೆಟ್, ಟೇಬಲ್, ಕ್ಯೂ ಇವನ್ನು ವಸ್ತುಗಳ ಹಾಗೆ ಬಳಸಬಹುದು. ಆದರೆ ಯಾವ ಕರೆ ಯಾವ ವಸ್ತುವಿಗೆ ಸೇರಬೇಕು ಅಂತ ಸರ್ವಿಸ್ ಮಾಡೆಲ್ ಹೇಳುವುದಿಲ್ಲ. ಅದನ್ನು ಮನುಷ್ಯರೇ ಯೋಚಿಸಿ ಬೇರೆ ಫೈಲಿನಲ್ಲಿ ಬರೆಯಬೇಕು. ಬೆರಳೆಣಿಕೆಯ ಸರ್ವಿಸ್‌ಗಳಿಗೆ ಬರೆದರು, ಅಲ್ಲಿಗೆ ನಿಂತಿತು. ಇನ್ನು ಮುಂದೆ ಇದಕ್ಕೆ ಹೊಸದನ್ನು ಸೇರಿಸುವ ಯೋಚನೆ ಇಲ್ಲ ಅಂತ ಡಾಕ್ಯುಮೆಂಟೇಶನ್‌ನಲ್ಲೇ ಬರೆದಿದ್ದಾರೆ. ಕೈ ಬೇಕಾದ ಭಾಗ ಇಲ್ಲಿಯೂ ಓಟದಲ್ಲಿ ಹಿಂದೆ ಉಳಿಯಿತು.

ಲೈಬ್ರರಿ ಹೊಸದು, ನಾವು ಹಳಬರು

ದಿನಾ ಹೊಸ ಆವೃತ್ತಿ ಬಂದರೆ ಎಲ್ಲರೂ ದಿನಾ ಅಪ್‌ಡೇಟ್ ಆಗುತ್ತಾರಾ? ನಾವಂತೂ ಆಗಲಿಲ್ಲ. ವರ್ಷಗಟ್ಟಲೆ ಹಳೆಯ ಬೋಟೋಕೋರ್ ಮೇಲೆ ಓಡುತ್ತಿದ್ದ ಒಂದು ಸರ್ವಿಸ್ ಇತ್ತು. 2023ರಲ್ಲಿ, ಬೋಟೋಕೋರ್ ನೆಟ್‌ವರ್ಕ್ ಕೆಲಸಕ್ಕೆ ಬಳಸುವ ಯುಆರ್‌ಎಲ್‌ಲಿಬ್3ರ 2.0 ಬಂತು. ನಮ್ಮ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ ಬೋಟೋಕೋರ್‌ನ ಆವೃತ್ತಿಯನ್ನು ಕಟ್ಟಿಹಾಕಿದ್ದೆವು, ಹೊಸ ಯುಆರ್‌ಎಲ್‌ಲಿಬ್3 ಅನ್ನು ಬೇರೊಂದು ಪ್ಯಾಕೇಜ್ ಎಳೆದುಕೊಂಡು ಬಂತು. ಡಿಪ್ಲಾಯ್ ಆದ ಕೂಡಲೇ 'ಡಿಫಾಲ್ಟ್_ಸೈಫರ್ಸ್' ಇಂಪೋರ್ಟ್ ಆಗುತ್ತಿಲ್ಲ ಅನ್ನುವ ಎರರ್. ಹಳೆಯ ಬೋಟೋಕೋರ್ ಆ ಹೆಸರನ್ನು ನಂಬಿಕೊಂಡಿತ್ತು, 2.0ದಲ್ಲಿ ಅದನ್ನು ತೆಗೆದಿದ್ದರು. ಎಡಬ್ಲ್ಯೂಎಸ್ ಎಪಿಐನಲ್ಲಿ ಏನೂ ಬದಲಾಗಿರಲಿಲ್ಲ. ನಿಂತಲ್ಲೇ ನಿಂತರೂ ನೆಲ ಅಲುಗುತ್ತದೆ ಅಲ್ವಾ.

ಬೋಟೋ3ರ ಪ್ರತಿ ಆವೃತ್ತಿ ಬೋಟೋಕೋರ್‌ನ ಒಂದು ಕಿರಿದಾದ ವ್ಯಾಪ್ತಿಯನ್ನಷ್ಟೇ ಒಪ್ಪುತ್ತದೆ. ಒಟ್ಟೊಟ್ಟಿಗೆ ಹಲವು ಕರೆ ಮಾಡಲು ಬೋಟೋಕೋರ್ ಮೇಲೆ ಕಟ್ಟಿದ ಏಐಓಬೋಟೋಕೋರ್‌ನ ವ್ಯಾಪ್ತಿ ಅದಕ್ಕಿಂತ ಕಿರಿದು. ಎರಡನ್ನೂ ಒಂದೇ ಕಡೆ ಬಿಗಿ ಇಲ್ಲದೆ ಹಾಕಿದರೆ ಪೈಥಾನ್ ಪ್ಯಾಕೇಜ್ ಹಾಕುವ ಟೂಲ್ ಪಿಪ್ ಸಾವಿರಾರು ಆವೃತ್ತಿಗಳಲ್ಲಿ ಹೊಂದುವ ಜೋಡಿ ಹುಡುಕುತ್ತಾ ಕೂರುತ್ತಿತ್ತು. ಪ್ರತಿ ಪ್ಯಾಕೇಜಿನ ನಿಖರ ಆವೃತ್ತಿ ಬರೆದಿಡುವ ಲಾಕ್ ಫೈಲ್ ಇಟ್ಟುಕೊಂಡ ಮೇಲೆ ಆ ಗೋಳು ತಪ್ಪಿತು. ನಮ್ಮ ಕೋಡನ್ನು ಎಡಬ್ಲ್ಯೂಎಸ್ ತಾನೇ ಓಡಿಸಿಕೊಡುವ ಲ್ಯಾಮ್ಡಾದಲ್ಲಿ ಮೊದಲೇ ಇರುವ ಬೋಟೋ3 ಸಾಮಾನ್ಯವಾಗಿ ಹೊಸದಕ್ಕಿಂತ ಹಿಂದೆ ಇರುತ್ತದೆ. ಹೊಸ ಪ್ಯಾರಾಮೀಟರ್ ಬೇಕಾದರೆ ನಮ್ಮದೇ ಪ್ರತಿ ಜೊತೆಗೆ ಕಳಿಸಬೇಕು.

ಸದ್ದಿಲ್ಲದೆ ಬದಲಾದ ಎರಡು

2023ರ ನವೆಂಬರ್‌ನಲ್ಲಿ ಎಸ್‌ಕ್ಯೂಎಸ್ ಹಳೆಯ 'ಕ್ವೆರಿ' ಪ್ರೊಟೋಕಾಲ್ ಜೊತೆಗೆ ಜೇಸನ್ ಅನ್ನೂ ಒಪ್ಪತೊಡಗಿತು. ಬೋಟೋಕೋರ್ 1.31.81 ಹಾಕಿದವರ ತಂತಿಯ ಮೇಲೆ ಹೋಗುವ ಮಾತೇ ಬೇರೆ ಆಯಿತು. 'ಸೆಂಡ್_ಮೆಸೇಜ್' ಕರೆಯುವ ಕೋಡ್ ಒಂದಕ್ಷರ ಬದಲಾಗಲಿಲ್ಲ. ಇಲ್ಲೊಂದು ಸೂಕ್ಷ್ಮ ಇತ್ತು. ಕ್ಯೂ ಇಲ್ಲದಿದ್ದಾಗ ಹಳೆಯ ಪ್ರೊಟೋಕಾಲ್ ಕೊಡುತ್ತಿದ್ದ ಎರರ್ ಕೋಡ್ ಬೇರೆ, ಹೊಸದರಲ್ಲಿ ಬೇರೆ. ಎಷ್ಟೋ ಜನ ಆ ಹಳೆಯ ಕೋಡನ್ನು ಅಕ್ಷರ ಅಕ್ಷರ ಹೋಲಿಸಿ ನೋಡುತ್ತಿದ್ದರು. ಅದಕ್ಕಾಗಿ ಸರ್ವರ್ ಹಳೆಯ ಕೋಡನ್ನು ಒಂದು ಹೆಡರ್‌ನಲ್ಲಿ ಕಳಿಸುತ್ತದೆ, ಬೋಟೋಕೋರ್ ಅದನ್ನು ತೆಗೆದು ಮೊದಲಿನ ಜಾಗದಲ್ಲೇ ಇಡುತ್ತದೆ. ಬಳಸುವವರಿಗೆ ಕೊಟ್ಟ ಮಾತು ಉಳಿಸುವುದು ಅಂದರೆ ಇದು. ತೊಂದರೆ ಆದದ್ದು ಟೆಸ್ಟ್‌ಗಾಗಿ ಹಳೆಯ ನಕಲಿ ಎಸ್‌ಕ್ಯೂಎಸ್ ಓಡಿಸುತ್ತಿದ್ದವರಿಗೆ. ಅವಕ್ಕೆ ಜೇಸನ್ ಬರುತ್ತಿರಲಿಲ್ಲ.

2025ರ ಜನವರಿಯ ಬೋಟೋ3 1.36.0 ಅಷ್ಟು ಮೃದುವಾಗಿ ಬರಲಿಲ್ಲ. ಅಂದಿನಿಂದ ಎಸ್3ಗೆ ಅಪ್‌ಲೋಡ್ ಮಾಡುವಾಗ ಸಿಆರ್‌ಸಿ32 ಚೆಕ್‌ಸಮ್ ತಾನಾಗಿ ಸೇರುತ್ತದೆ. ದಾರಿಯಲ್ಲಿ ಡೇಟಾ ಕೆಟ್ಟರೆ ಗೊತ್ತಾಗಲಿ ಅನ್ನುವುದು ಉದ್ದೇಶ, ಒಳ್ಳೆಯದೇ. ಆದರೆ ಎಸ್3 ಎಪಿಐ ಈಗ ಎಡಬ್ಲ್ಯೂಎಸ್‌ನವರದ್ದಷ್ಟೇ ಅಲ್ಲ. ಅದೇ ಎಪಿಐ ಮಾತಾಡುವ ಬೇರೆ ಸ್ಟೋರೇಜ್‌ಗಳು ಬೇಕಾದಷ್ಟಿವೆ, ಅವುಗಳಿಗೂ ಜನ ಬೋಟೋ3 ಬಳಸುತ್ತಾರೆ. ಅವುಗಳಲ್ಲಿ ಹಲವಕ್ಕೆ ಈ ಹೊಸ ಹೆಡರ್ ಅರ್ಥವಾಗಲಿಲ್ಲ. ಒಟ್ಟಿಗೆ ಹಲವು ಫೈಲ್ ಅಳಿಸುವ ಕರೆಯಲ್ಲಿ ಮೊದಲು ಎಂಡಿ5 ಅನ್ನುವ ಇನ್ನೊಂದು ಚೆಕ್‌ಸಮ್ ಹೋಗುತ್ತಿತ್ತು, ಈಗ ಅದರ ಜಾಗಕ್ಕೆ ಸಿಆರ್‌ಸಿ32 ಬಂತು. ಎಂಡಿ5 ಕಡ್ಡಾಯ ಅನ್ನುವ ಸ್ಟೋರೇಜ್‌ಗಳು ಬಾಗಿಲು ಹಾಕಿದವು. 'ರಿಕ್ವೆಸ್ಟ್_ಚೆಕ್‌ಸಮ್_ಕ್ಯಾಲ್ಕುಲೇಶನ್' ಸೆಟ್ಟಿಂಗ್‌ಗೆ 'ವೆನ್_ರಿಕ್ವೈರ್ಡ್' ಅಂತ ಕೊಟ್ಟರೆ ಮಾಮೂಲಿ ಅಪ್‌ಲೋಡ್‌ಗಳು ಹಳೆಯ ನಡೆಗೆ ಮರಳುತ್ತವೆ, ಚೆಕ್‌ಸಮ್ ಕಡ್ಡಾಯವಾದ ಆ ಅಳಿಸುವ ಕರೆ ಮಾತ್ರ ಎಂಡಿ5ಗೆ ಮರಳುವುದಿಲ್ಲ. ಮೆಥಡ್‌ಗಳ ಹೆಸರು, ಪ್ಯಾರಾಮೀಟರ್ ಎಲ್ಲ ಮೊದಲಿನ ಹಾಗೇ ಇದ್ದವು. ಆದರೆ ಹೇಳದೆ ಬಿಟ್ಟ ಸೆಟ್ಟಿಂಗ್ ಏನಿರುತ್ತದೆ ಅನ್ನುವುದೂ ಹೆಸರಿನಷ್ಟೇ ಗಟ್ಟಿಯಾದ ಮಾತು ಅಂತ ನಾನು ನಂಬುತ್ತೇನೆ. ಅದನ್ನು ಬದಲಿಸುವಾಗ ಮೊದಲು ಕೆಲವು ತಿಂಗಳು ಎಚ್ಚರಿಕೆ ಕೊಟ್ಟಿದ್ದರೆ ಎಷ್ಟೋ ಜನರ ರಾತ್ರಿ ನಿದ್ದೆ ಉಳಿಯುತ್ತಿತ್ತು.

ಈಗ ನಮ್ಮಲ್ಲಿ ವಾರಕ್ಕೊಮ್ಮೆ ಲಾಕ್ ಫೈಲ್ ಹೊಸದಾಗುತ್ತದೆ. ಒಬ್ಬರು ಬೋಟೋಕೋರ್‌ನ ಚೇಂಜ್‌ಲಾಗ್ ಓದುತ್ತಾರೆ. 'ಎಪಿಐ-ಚೇಂಜ್' ಅಂತ ಇರುವ ಸಾಲುಗಳನ್ನು ಬೇಗ ದಾಟುತ್ತಾರೆ, ಅವು ಮಾಡೆಲ್‌ನಿಂದ ಬಂದವು. ಅದಲ್ಲದ ಸಾಲು ಕಂಡರೆ ನಿಂತು ಓದುತ್ತಾರೆ, ಅದರಲ್ಲಿ ಮನುಷ್ಯರ ಕೈ ಆಡಿದೆ. ನಕಲಿ ಸರ್ವರ್ ಮೇಲೆ ಎಲ್ಲ ಟೆಸ್ಟ್ ಓಡುತ್ತವೆ, ನಿಜವಾದ ಎಸ್3 ಮತ್ತು ಎಸ್‌ಕ್ಯೂಎಸ್ ಮೇಲೂ ಕೆಲವು ಓಡುತ್ತವೆ.

ಬೋಟೋ 2ರ ಕೊನೆಯ ಆವೃತ್ತಿ 2.49.0, 2018ರ ಜುಲೈನದ್ದು. ನಮ್ಮಲ್ಲಿ ಅದನ್ನು ಬಳಸುತ್ತಿದ್ದ ಕೊನೆಯ ಸ್ಕ್ರಿಪ್ಟ್ ಪೈಥಾನ್ 3.12ಗೆ ಹೋದಾಗ ಇಂಪೋರ್ಟ್ ಸಾಲಿನಲ್ಲೇ ಬಿತ್ತು. ಬೋಟೋ ತನ್ನೊಳಗೆ ಇಟ್ಟುಕೊಂಡಿದ್ದ ಹಳೆಯ 'ಸಿಕ್ಸ್' (ಪೈಥಾನ್ 2, 3 ಎರಡರಲ್ಲೂ ಒಂದೇ ಕೋಡ್ ಓಡಲು ನೆರವಾಗುವ ಲೈಬ್ರರಿ) ಪ್ರತಿ ಅಲ್ಲಿ ನಡೆಯುವುದಿಲ್ಲ. ಅದನ್ನೂ ಬೋಟೋ3ಕ್ಕೆ ತಂದೆವು. ಉಳಿದಿರುವುದು ಡೈನಮೋಡಿಬಿ ಕೋಡ್. ಅದು ಇನ್ನೂ ರಿಸೋರ್ಸ್ ಮೇಲಿದೆ. ಕ್ಲೈಂಟ್‌ಗೆ ಹೋದರೆ ಪ್ರತಿ ಬೆಲೆಯ ಪಕ್ಕ ಇದು ಸ್ಟ್ರಿಂಗ್, ಇದು ನಂಬರ್ ಅಂತ ನಾವೇ ಗುರುತು ಹಾಕಬೇಕು. ಟೇಬಲ್ ರಿಸೋರ್ಸ್ ಅದನ್ನು ತಾನೇ ಮಾಡುತ್ತದೆ. ಹೊಸದು ಸೇರುವುದಿಲ್ಲ ಅಂದಿದ್ದಾರೆ, ತೆಗೆಯುತ್ತೇವೆ ಅಂದಿಲ್ಲ. ನಮಗೆ ಬೇಕಾದ 'ಪುಟ್_ಐಟಂ', 'ಕ್ವೆರಿ' ಎರಡೂ ಅಲ್ಲಿವೆ. ಹೋದ ತಿಂಗಳು ಕೂತು ಚರ್ಚಿಸಿ, ಅದನ್ನು ಹಾಗೇ ಬಿಡುವುದು ಅಂತ ತೀರ್ಮಾನಿಸಿದೆವು.